ಕರೆಯದೆ ಬರಬೇಕಾದವರು

"ಆ ಹೆಬ್ಬೆರಳು ನಿಮ್ಮ ಮಿಲ್ಲಲ್ಲೇ ಬಿದ್ದಿದೆ. ಬೇಕಿದ್ರೆ ಅಲ್ಲೇ ಹೋಗಿ ಒತ್ತಿಸ್ಕೊಳ್ಳಿ."

ಬಾಗಿಲಿಗೆ ಅಡ್ಡ ನಿಂತ ಹುಡುಗಿ ಹೀಗೆ ಹೇಳಿದಾಗ ಈಶ್ವರಪ್ಪನಿಗೆ ತಲೆ ಎತ್ತಲು ಆಗಲಿಲ್ಲ.

ಅವನ ಒಂದು ಕೈಯಲ್ಲಿ ಮಸಿಯ ತಗಡಿನ ಡಬ್ಬಿ, ಇನ್ನೊಂದರಲ್ಲಿ ಅಚ್ಚಾದ ಕಾಗದ. ಕಾಗದದ ಕೊನೆಗೆ 'ಕೆಲಸಗಾರನ ಎಡಗೈ ಹೆಬ್ಬೆಟ್ಟಿನ ಗುರುತು' ಎಂದಿತ್ತು. ಆ ಕೆಲಸಗಾರ ಈ ಹುಡುಗಿಯ ತಂದೆ ಹೊನ್ನಯ್ಯ. ಹತ್ತು ದಿನದ ಕೆಳಗೆ ಮರ ಕೊಯ್ಯುವ ಗರಗಸ ಅವನ ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತ್ತು.

ಅಷ್ಟು ದೂರದಿಂದ ಸೈಕಲ್ ತುಳಿದು ಬಂದರೂ, ಓದು ಬರಹ ಬಲ್ಲ ಗುಮಾಸ್ತನಿಗೆ ಇದು ಹೊಳೆದೇ ಇರಲಿಲ್ಲ!

"ತಪ್ಪಾಯ್ತು. ಬಲಗೈದು ಸಾಕು. ಪಕ್ಕದಲ್ಲಿ ನಾನು ಬರೀತೀನಿ," ಎಂದ.

"ಇಷ್ಟು ಸಾಕು, ಅಷ್ಟು ಸಾಕು ಅನ್ನೋಕೆ ನೀವ್ಯಾರು?"

"ಸುವರ್ಣಾ, ದಾರಿ ಬಿಡೇ. ಮಿಲ್ಲಿಂದ ಬಂದೋರು," ಒಳಗಿನಿಂದ ಹೊನ್ನಯ್ಯನ ದನಿ ಕೇಳಿತು. ಅವನು ಚಾಪೆಯಿಂದ ಎದ್ದು ಬಂದು, ಮಗಳ ಹೆಗಲ ಮೇಲಿನಿಂದ ಬೀದಿಯನ್ನು ಇಣುಕಿದ. "ಸ್ವಾಮಿ, ನೀವೊಬ್ರೇ ಬಂದ್ರಾ? ಸಾಹೇಬ್ರು ಹಿಂದೆ ಬರ್ತಿದಾರಾ?"

ಈಶ್ವರಪ್ಪ ಬೀದಿಯ ಕಡೆ ತಿರುಗಿ ನೋಡಿದ. ಅಲ್ಲಿ ಯಾರೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇವತ್ತು ಕೆಲಸ ಜಾಸ್ತಿ... ಬರ್ತಾರೆ," ಎಂದುಬಿಟ್ಟ.

ಹೊನ್ನಯ್ಯನ ಮುಖ ಅರಳಿತು. ಆ ಅರಳಿದ ಮುಖ ಕಂಡು ಸುವರ್ಣ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಹತ್ತು ದಿನದಿಂದ ಅಪ್ಪ ನಕ್ಕಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿ. ದೊಡ್ಡ ಕಾರ್ಖಾನೆಯ ಹೊಗೆ ಕಂಡು ಸುತ್ತಲಿನ ಹಳ್ಳಿಗಳ ಜನ ಭದ್ರಾವತಿಗೆ ಬಂದು ಸೇರುತ್ತಿದ್ದ ಕಾಲ. ಹೊಳೆಯಾಚೆ ಸ್ವೀಡನ್ ದೇಶದ ಲಿಂಡ್ ಸಾಹೇಬ ಎಂಬವನು ಮರ ಕೊಯ್ಯುವ ಮಿಲ್ಲು ಇಟ್ಟಿದ್ದ. ಶಿವಮೊಗ್ಗದ ಈಶ್ವರಪ್ಪ ಅಲ್ಲಿ ಗುಮಾಸ್ತ. ಸಾಹೇಬನ ಇಂಗ್ಲಿಷನ್ನು ಆಳುಗಳಿಗೂ ಆಳುಗಳ ಕನ್ನಡವನ್ನು ಸಾಹೇಬನಿಗೂ ತಿಳಿಸಿ ಹೇಳುವ ದುಭಾಷಿಯೂ ಅವನೇ.

ಲಿಂಡ್ ಸಾಹೇಬ ಕೆಟ್ಟವನಲ್ಲ. ಕೈ ಹೋದ ದಿನ ತನ್ನ ಕಾರಿನಲ್ಲೇ ಹೊನ್ನಯ್ಯನನ್ನು ಮಲಗಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಓಡಿದವನು ಅವನೇ. ಮಾರನೆಯ ದಿನ ಗರಗಸಕ್ಕೆ ಮರದ ಅಡ್ಡಗಾವಲು ಹಾಕಿಸಿದ. ಕೂಲಿ ನಿಲ್ಲಿಸಲಿಲ್ಲ. ಕೈ ವಾಸಿಯಾದ ಮೇಲೆ ಗೇಟಿನ ಕಾವಲು ಕೆಲಸ ಕೊಡುವುದಾಗಿ ಸಹಿ ಹಾಕಿ ಬರೆದುಕೊಟ್ಟ; ಈಶ್ವರಪ್ಪ ಹೆಬ್ಬೆಟ್ಟಿಗೆ ತಂದಿದ್ದು ಆ ಕಾಗದವನ್ನೇ. ಅವನ ದೇಶದಲ್ಲಿ ಒಳ್ಳೆಯ ಯಜಮಾನ ಎಂದರೆ ಇಷ್ಟು. ಹೇಳಿದ್ದನ್ನು ಬರೆದುಕೊಡಬೇಕು, ಬರೆದುಕೊಟ್ಟಿದ್ದನ್ನು ನಡೆಸಬೇಕು.

ಹೊನ್ನಯ್ಯ ಕಾಯುತ್ತಿದ್ದುದು ಕಾಗದಕ್ಕಲ್ಲ.

ಭದ್ರಾವತಿಗೆ ಬರುವ ಮೊದಲು ಅವನು ಇಪ್ಪತ್ತೆರಡು ವರ್ಷ ಹೊಳೆಹೊನ್ನೂರಿನ ಒಬ್ಬ ಪಟೇಲರ ಮನೆಯಲ್ಲಿ ದುಡಿದಿದ್ದ. ಆಳಿಗೆ ಕಾಳು ಅಳೆಯುವಾಗ ಆ ಪಟೇಲರ ಸೇರು ಚಿಕ್ಕದಾಗುತ್ತಿತ್ತು, ಬೈಗುಳ ಮಾತ್ರ ತುಂಬಿ ಚೆಲ್ಲುತ್ತಿತ್ತು. ಆದರೆ ಹೊನ್ನಯ್ಯನ ತಂದೆ ಸತ್ತ ದಿನ ಪಟೇಲರು ಬರಿಗಾಲಲ್ಲಿ ನಡೆದು ಬಂದು ಅವನ ಅಂಗಳದಲ್ಲಿ ನಿಂತಿದ್ದರು. 'ನಾನಿದ್ದೀನಿ ಕಣೋ ಹೊನ್ನ' ಎಂದಿದ್ದರು. ಅಷ್ಟೇ ಮಾತು. ಹೊನ್ನಯ್ಯ ಅದನ್ನು ಹಿಡಿದುಕೊಂಡು ಮತ್ತೆ ಹತ್ತು ವರ್ಷ ದುಡಿದ.

"ಈ ಸಾಹೇಬ್ರು ಅದಕ್ಕಿಂತ ದೊಡ್ಡೋರು. ಬಂದೇ ಬರ್ತಾರೆ ನೋಡು. ಬಂದ್ರೆ ಎಲ್ಲಿ ಕೂರಿಸೋದೇ?" ಎಂದು ಹೆಂಡತಿ ಹುಲಿಗೆಮ್ಮನನ್ನು ಕೇಳಿದ.

ಶಾಲೆಯ ಮೇಷ್ಟರನ್ನು ಕೇಳಿ ಒಂದು ಕುರ್ಚಿ ತಂದರು. ಕೈಯಿರುವ ತೇಗದ ಕುರ್ಚಿ. ಅದನ್ನು ಅಂಗಳದಲ್ಲಿ ಇಟ್ಟು, ದಿನ ಬೆಳಿಗ್ಗೆ ಒರೆಸುವ ಕೆಲಸ ಸುವರ್ಣಳ ಪಾಲಿಗೆ ಬಂತು.

ಶನಿವಾರ ಶನಿವಾರ ಈಶ್ವರಪ್ಪ ಕೂಲಿ ತಂದುಕೊಡುತ್ತಿದ್ದ. ಜೊತೆಗೆ ಗಾಯಕ್ಕೆ ಕಟ್ಟುವ ಬಟ್ಟೆ, ಒಮ್ಮೊಮ್ಮೆ ಕಿತ್ತಳೆ ಹಣ್ಣು. ಕುರ್ಚಿಯ ಪಕ್ಕದಲ್ಲೇ ಹಾದು ಬಂದು ಜಗಲಿಯ ಅಂಚಿನಲ್ಲಿ ಕೂರುತ್ತಿದ್ದ.

"ಕುರ್ಚಿ ಇದೆಯಲ್ಲ, ಕೂತ್ಕೊಳ್ಳಿ," ಎಂದಳು ಸುವರ್ಣ ಒಂದು ದಿನ. ಮೊದಲ ದಿನದ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯದು.

"ಅದು ಧಣಿಗಳದ್ದು."

"ಅವರು ಬಂದಾಗ ಏಳಿ."

"ಬೇಡ. ಇಲ್ಲಿಂದ ಅಡುಗೆಮನೆ ಕಾಣುತ್ತೆ," ಎಂದುಬಿಟ್ಟ ಈಶ್ವರಪ್ಪ. ತನ್ನ ಬಾಯಿಂದ ಏನು ಬಂತು ಎಂದು ಗೊತ್ತಾದದ್ದು ಆಮೇಲೆ.

ಸುವರ್ಣ ಒಳಗೆ ಓಡಿದಳು. ಒಲೆಯ ಮುಂದೆ ಕೂತವಳ ಮುಖ ಕೆಂಪಾದದ್ದು ಬೆಂಕಿಯ ಕಾವಿಗೆ ಎಂದು ಅವ್ವ ನಂಬಿದಳೋ ಇಲ್ಲವೋ!

ಹೊನ್ನಯ್ಯನ ಪ್ರಶ್ನೆ ಮಾತ್ರ ಪ್ರತಿ ಶನಿವಾರವೂ ಒಂದೇ.

"ಸಾಹೇಬ್ರು ನನ್ನ ವಿಚಾರ ಏನಾದ್ರೂ ಕೇಳಿದ್ರಾ?"

"ಕೇಳಿದ್ರು. ಬರ್ತೀನಿ ಅಂದ್ರು."

'ಎಷ್ಟು ಒಳ್ಳೆಯವರು ಇವರು... ಅಪ್ಪನಿಗಾಗಿ ಸಾಹೇಬರ ಹತ್ತಿರ ಎಷ್ಟು ಹೇಳುತ್ತಿರಬೇಕು!' ಎಂದುಕೊಳ್ಳುತ್ತಿದ್ದಳು ಸುವರ್ಣ. ಪಾಪ, ಅವಳು ಪ್ರೀತಿಸಿದ್ದೇ ಆ ಸುಳ್ಳನ್ನು.

ಮಿಲ್ಲಿನಲ್ಲಿ ನಡೆಯುತ್ತಿದ್ದ ಮಾತೇ ಬೇರೆ. ಸಾಹೇಬ ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದ.

"ಹೊನ್ನಯ್ಯ ಹೇಗಿದ್ದಾನೆ? ಅವನ ಮನೆಯವರು ನನ್ನನ್ನು ಕರೆದರೇ?"

"ಇಲ್ಲ ಸರ್."

"ಸರಿ," ಎಂದು ಸಾಹೇಬ ಕಾಗದದ ಕಡೆ ತಿರುಗುತ್ತಿದ್ದ.

ಕರೆಯುವುದಂತೆ! ಮದುವೆಗೆ ಕರೆದರೆ ಹೋಗಬೇಕು, ಸಾವುನೋವಿಗೆ ಸುದ್ದಿ ಕೇಳಿದರೆ ಸಾಕು, ಹೋಗಬೇಕು. ಇದು ನಮ್ಮಲ್ಲಿ ಆಡುವ ಮಕ್ಕಳಿಗೂ ಗೊತ್ತು. 'ನನ್ನ ಕೈ ಹೋಗಿದೆ, ನೋಡಲು ಬನ್ನಿ' ಎಂದು ಯಾರಾದರೂ ವೀಳ್ಯ ಕೊಟ್ಟು ಕರೆಯುತ್ತಾರೆಯೇ? ಹಾಗೆ ಕರೆಯಿರಿ ಎಂದು ಹೊನ್ನಯ್ಯನಿಗೆ ಹೇಳಲು ಈಶ್ವರಪ್ಪನಿಗೆ ನಾಲಿಗೆ ಏಳಲಿಲ್ಲ. 'ಸರ್, ನಮ್ಮಲ್ಲಿ ಕರೆಯುವುದಿಲ್ಲ, ನೀವೇ ಹೋಗಬೇಕು' ಎಂದು ಸಾಹೇಬನಿಗೆ ಹೇಳಲೂ ಏಳಲಿಲ್ಲ. ದಿನಕ್ಕೆ ನೂರು ಮಾತು ಆಚೀಚೆ ದಾಟಿಸುವವನ ಗಂಟಲಲ್ಲಿ ಈ ಒಂದು ಮಾತು ಸಿಕ್ಕಿಕೊಂಡಿತು.

ಎರಡೂವರೆ ತಿಂಗಳಾದ ಮೇಲೆ ಹೊನ್ನಯ್ಯ ಈಶ್ವರಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ತಮ್ಮಾ, ನನಗೆ ಕಣ್ಣು ಕಾಣುತ್ತೆ. ನೀನು ನೋಡೋದೂ ಕಾಣುತ್ತೆ, ಅವಳು ನೋಡೋದೂ ಕಾಣುತ್ತೆ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ. ಆದ್ರೆ ಒಂದು ಆಸೆ. ಸಾಹೇಬ್ರು ಬಂದ ದಿನ, ಅವರು ಆ ಕುರ್ಚಿ ಮೇಲೆ ಕೂತಾಗ, ಅವರ ಕೈಯಿಂದ ನಿನಗೆ ವೀಳ್ಯ ಕೊಡಿಸ್ಬೇಕು. ಧಣಿ ಕೈ ಒಳ್ಳೇದು. ಇನ್ನೊಂದು ವಾರದಲ್ಲಿ ಬರ್ತಾರಲ್ಲ?"

ಅಡುಗೆಮನೆಯ ಬಾಗಿಲಲ್ಲಿ ಸುವರ್ಣ ಉಸಿರು ಬಿಗಿಹಿಡಿದು ನಿಂತಿದ್ದಳು.

"ಬರ್ತಾರೆ," ಎಂದ ಈಶ್ವರಪ್ಪ. ಅವನ ಕಣ್ಣು ತುಂಬಿತ್ತು. ಸಂತೋಷಕ್ಕೆ ಎಂದುಕೊಂಡಳು ಅವಳು.

ಆ ವಾರವೇ ಹೊನ್ನಯ್ಯನಿಗೆ ಚಳಿಜ್ವರ ಹಿಡಿಯಿತು. ಭದ್ರಾವತಿಯಲ್ಲಿ ಚಳಿಜ್ವರ ಬಾರದ ಮನೆಯೇ ಇರಲಿಲ್ಲ. ಗಟ್ಟಿ ಆಳುಗಳು ನಡುಗಿ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಆದರೆ ರಕ್ತ ಬಸಿದುಹೋದ ಮೈ ಅದು. ಜ್ವರ ಬಿಟ್ಟ ಹೊತ್ತಿನಲ್ಲಿ ಅವನು ಕಂಬಳಿ ಹೊದ್ದು ಅಂಗಳಕ್ಕೆ ಬರುತ್ತಿದ್ದ. ಖಾಲಿ ಕುರ್ಚಿಯ ಎದುರು ನೆಲದ ಮೇಲೆ ಕೂತು ಬೀದಿ ನೋಡುತ್ತಿದ್ದ.

"ಒಳಗೆ ಬಾರಪ್ಪ," ಎಂದು ಸುವರ್ಣ ಅಳುತ್ತಿದ್ದಳು.

"ಮಲಗಿರೋವಾಗ ಬಂದ್ರೆ ಮರ್ಯಾದೆ ಅಲ್ಲ ಮಗಾ."

ಒಂಬತ್ತನೆಯ ದಿನ ಮಧ್ಯಾಹ್ನ ಅವನು ಹಾಗೆ ಕೂತಲ್ಲೇ ಪಕ್ಕಕ್ಕೆ ವಾಲಿದ. ಸುವರ್ಣ ಓಡಿ ಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಕಾರಿನ ಸದ್ದು ಕೇಳಿಸ್ತಾ?" ಎಂದು ಕೇಳಿದ.

"ಹೂಂ ಅಪ್ಪ... ಕೇಳಿಸ್ತು."

ಅವಳೂ ಸುಳ್ಳು ಹೇಳಿದಳು. ಅದೇ ಅವನು ಕೇಳಿದ ಕೊನೆಯ ಮಾತು.

ಸಾವಿನ ಸುದ್ದಿ ಕೇಳಿ ಸಂಜೆಯ ಹೊತ್ತಿಗೆ ಈಶ್ವರಪ್ಪ ಬಂದ. ಸೈಕಲ್ಲಿನ ಹಿಂದೆ ಬಿಳಿ ಹೂವು ಮತ್ತು ಎಲೆಗಳನ್ನು ತಂತಿಗೆ ಸುತ್ತಿ ಮಾಡಿದ ಒಂದು ಚಕ್ರ ಕಟ್ಟಿತ್ತು. ಸಾಹೇಬನ ದೇಶದಲ್ಲಿ ಸತ್ತವರಿಗೆ ಅದನ್ನೇ ಕಳಿಸುತ್ತಾರಂತೆ. ಪಕ್ಕದ ಮನೆಯ ಕರಿಯಣ್ಣ, ಅದೇ ಮಿಲ್ಲಿನ ಆಳು, ಅದನ್ನು ಹಾರವೆಂದು ತಿಳಿದು ಹೊನ್ನಯ್ಯನ ಕೊರಳಿಗೆ ಹಾಕಲು ಹೋದ. ಅದು ತಲೆ ದಾಟಿ ಇಳಿಯಲಿಲ್ಲ. ಎರಡು ಸಲ ನೋಡಿ, ಕೊನೆಗೆ ಕಾಲ ಬಳಿ ಇಟ್ಟ.

ಸುವರ್ಣ ಎದ್ದು ಬಂದಳು. "ಅವರು ಎಲ್ಲಿ?"

ಈಶ್ವರಪ್ಪ ಕಾಲ ಬಳಿಯ ಹೂವಿನ ಚಕ್ರದ ಕಡೆ ನೋಡಿದ.

"ಇವತ್ತೂ ಕೆಲಸ ಜಾಸ್ತೀನಾ? ಹೋದ ಶನಿವಾರ ಬರ್ತೀನಿ ಅಂದಿದ್ರಲ್ಲ?"

"ಅಂದಿರ್ಲಿಲ್ಲ."

"ಏನು?"

"ಒಂದು ಸಲಾನೂ ಅಂದಿರ್ಲಿಲ್ಲ, ಸುವರ್ಣಾ. ನಾನೇ... ನಾನೇ ಹೇಳ್ತಿದ್ದೆ."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಮೂರು ತಿಂಗಳ ಶನಿವಾರಗಳು, ಕಿತ್ತಳೆ ಹಣ್ಣು, ಜಗಲಿಯ ಅಂಚು, ಎಲ್ಲ ಸುಳ್ಳಾಗಿ ಕಂಡವು. ಎದೆಯೊಳಗೆ ಏನೋ ಆರಿಹೋಯಿತು.

"ಅಪ್ಪನ ಕೈಯನ್ನ ಗರಗಸ ತಿಂತು. ಅಪ್ಪನ್ನ ನೀವು ತಿಂದ್ರಿ," ಎಂದಳು. "ಈ ಅಂಗಳಕ್ಕೆ ಇನ್ನು ಕಾಲಿಡ್ಬೇಡಿ."

ಮಣ್ಣು ಮಾಡಿದ ಮೂರನೆಯ ದಿನ, ಸೂತಕದ ಮನೆಯ ಹುಡುಗಿ ತಲೆಯ ಮೇಲೆ ಕುರ್ಚಿ ಹೊತ್ತು ಬೀದಿಯಲ್ಲಿ ನಡೆದಳು. ಜನ ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡಿದರು. ಅವಳು ಹೊಳೆ ದಾಟಿ, ಮಿಲ್ಲಿನ ಗೇಟು ದಾಟಿ, ಸಾಹೇಬನ ಆಫೀಸಿನ ಮುಂದೆ ಕುರ್ಚಿ ಇಳಿಸಿದಳು. ಒಂದೊಂದಾಗಿ ಗರಗಸಗಳು ನಿಂತವು.

ಸಾಹೇಬ ಹೊರಗೆ ಬಂದ. ಅವನ ಹಿಂದೆ ಈಶ್ವರಪ್ಪ.

"ಇವರಿಗೆ ಹೇಳಿ," ಎಂದಳು ಸುವರ್ಣ. ಈಶ್ವರಪ್ಪನ ಮುಖ ನೋಡಲಿಲ್ಲ. "ಇದು ಇವರಿಗೆ ಅಂತ ತಂದ ಕುರ್ಚಿ. ಮೂರು ತಿಂಗಳು ದಿನಾ ಒರೆಸಿದ್ದೀನಿ. ನಮ್ಮಪ್ಪ ದುಡ್ಡು ಕೇಳ್ಲಿಲ್ಲ. ಒಂದು ಸಲ ಬಂದು ಅಂಗಳದಲ್ಲಿ ನಿಲ್ಲೋದಕ್ಕೆ ಇವರ ಗಂಟೇನು ಹೋಗ್ತಿತ್ತು, ಕೇಳಿ."

ಈಶ್ವರಪ್ಪ ಅಷ್ಟನ್ನೂ ಹೇಳಿದ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಸಾಹೇಬನ ಮುಖ ಬಿಳುಚಿತು.

"ನೀವು ಕರೆಯುತ್ತೀರೆಂದು ಕಾಯುತ್ತಿದ್ದೆ," ಎಂದ ಸಾಹೇಬ. ಈಶ್ವರಪ್ಪ ಅದನ್ನೂ ಹಾಗೆಯೇ ದಾಟಿಸಿದ. "ನಮ್ಮ ದೇಶದಲ್ಲಿ ಕಷ್ಟದಲ್ಲಿರುವವನ ಮನೆಗೆ ಯಜಮಾನ ಕರೆಯದೆ ನುಗ್ಗಿದರೆ ಅದು ಅವಮಾನ. ಅವನು ಹಾಸಿಗೆ ಹಿಡಿದಿರುವುದನ್ನು ಇಣುಕಿ ನೋಡಿದ ಹಾಗೆ. ಅವನ ಮರ್ಯಾದೆಗಾಗಿ ನಾನು ದೂರ ನಿಂತೆ. ವಾರ ವಾರವೂ ಇವನನ್ನು ಕೇಳಿದೆ, ಕರೆದರೇ ಎಂದು."

ಸುವರ್ಣ ಸಾಹೇಬನನ್ನೂ ಕುರ್ಚಿಯನ್ನೂ ನೋಡಿದಳು. ಅಪ್ಪ ಕಾದದ್ದು ಇವರಿಗೆ. ಇವರು ಕಾದದ್ದು ಅಪ್ಪನಿಗೆ. ನಡುವೆ ಇದ್ದದ್ದು ಒಂದು ಹೊಳೆ, ಒಬ್ಬ ಗುಮಾಸ್ತ.

ಸಾಹೇಬ ಈಶ್ವರಪ್ಪನ ಕಡೆ ತಿರುಗಿ ಏನೋ ಕೇಳಿದ.

"ಏನು ಕೇಳಿದ್ರು?" ಎಂದಳು ಅವಳು.

"ನಿಮ್ಮ ಪದ್ಧತಿ ನನಗೆ ಯಾಕೆ ಹೇಳಲಿಲ್ಲ, ಹೇಳಿದ್ದರೆ ಅವತ್ತೇ ಹೋಗ್ತಿದ್ದೆನಲ್ಲ, ಅಂತ ಕೇಳಿದ್ರು."

"ಯಾಕೆ ಹೇಳ್ಲಿಲ್ಲ?"

"ಧಣಿಗೆ ಧರ್ಮ ಹೇಳೋದು ಆಳಿನ ಕೆಲಸ ಅಲ್ಲ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ಅವರಾಗೇ ತಿಳ್ಕೊಂಡು ಬರ್ಬೇಕು ಅಂತ... ನಾನೂ ಕಾಯ್ತಿದ್ದೆ."

ಸಾಹೇಬ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕುರ್ಚಿಯನ್ನು ತಾನೇ ಎತ್ತಿಕೊಂಡ. ಸುವರ್ಣಳ ಹಿಂದೆ ಅಷ್ಟು ದೂರವೂ ನಡೆದು ಬಂದ. ಅಂಗಳದಲ್ಲಿ ಕುರ್ಚಿ ಇಟ್ಟು ಕೂರದೆ ನಿಂತ.

"ಕೂತ್ಕೊಳಪ್ಪ. ಹೋದ ಜೀವಕ್ಕೆ ಸಮಾಧಾನ ಆಗ್ಲಿ," ಎಂದಳು ಹುಲಿಗೆಮ್ಮ. ಸಾಹೇಬನಿಗೆ ಮಾತು ತಿಳಿಯದಿದ್ದರೂ ಅರ್ಥ ತಿಳಿಯಿತು. ಕೂತ. ಅವಳು ಕೊಟ್ಟ ನೀರು ಕುಡಿದ.

ಬೇಲಿಯ ಹೊರಗೆ ನಿಂತಿದ್ದ ಈಶ್ವರಪ್ಪನನ್ನು ನೋಡಿ ಹುಲಿಗೆಮ್ಮ ನಿಟ್ಟುಸಿರುಬಿಟ್ಟಳು. "ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಕಣಪ್ಪ," ಎಂದಳು.

ಅವನು ಆ ವಾರವೇ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ಹೋದ.

ಹನ್ನೊಂದು ತಿಂಗಳು ಕಳೆದವು. ಕುರ್ಚಿ ಶಾಲೆಗೆ ವಾಪಸಾಯಿತು. ಸುವರ್ಣಳಿಗೆ ಎರಡು ಸಂಬಂಧ ಬಂದವು, ಎರಡನ್ನೂ ಬೇಡವೆಂದಳು. ಅವನನ್ನು ದ್ವೇಷಿಸುತ್ತಿದ್ದೇನೆ ಎಂದು ದಿನವೂ ತನಗೆ ತಾನೇ ಹೇಳಿಕೊಂಡಳು. ಶನಿವಾರ ಮಾತ್ರ ಅದನ್ನು ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಬೀದಿಯಲ್ಲಿ ಯಾವ ಸೈಕಲ್ ಗಂಟೆ ಬಾರಿಸಿದರೂ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು.

'ಗುಮಾಸ್ತರೂ ಕಾದರು... ಅವರಪ್ಪ ಹೇಳಿಕೊಟ್ಟದ್ದೇ ಹಾಗೆ,' ಎಂದು ಮನಸ್ಸು ಹೇಳುತ್ತಿತ್ತು. 'ಅಪ್ಪ ಇಲ್ಲ,' ಎಂದು ಅದೇ ಮನಸ್ಸು ಬಾಯಿ ಮುಚ್ಚಿಸುತ್ತಿತ್ತು.

ಒಂದು ಬೆಳಿಗ್ಗೆ ಕರಿಯಣ್ಣ ಬೇಲಿಯಾಚೆಯಿಂದ ಕೂಗಿದ.

"ತಂಗೀ, ಇವತ್ತು ಮಿಲ್ಲಲ್ಲಿ ಸಾಹೇಬ್ರಿಲ್ಲ ಮಾರಾಯ್ತಿ. ಕಾರ್ ತಗೊಂಡು ಶಿವಮೊಗ್ಗಕ್ಕೆ ಹೋದ್ರು. ನಮ್ಮ ಗುಮಾಸ್ತರ ತಂದೆ ಚೌಡಪ್ಪನೋರು ನಿನ್ನೆ ಹೋಗಿಬಿಟ್ರಂತೆ."

ಸುವರ್ಣ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತಳು.

"ಇಷ್ಟು ಅನ್ನ ಯಾರಿಗೇ?" ಎಂದಳು ಹುಲಿಗೆಮ್ಮ.

"ಒಲೆ ಹಚ್ಚದ ಮನೆಗೆ ಬುತ್ತಿ ಒಯ್ಯಬೇಕಲ್ಲವ್ವಾ."

ಹುಲಿಗೆಮ್ಮ ಮಗಳ ಮುಖ ನೋಡಿದಳು. ಬೇಡ ಎನ್ನಲಿಲ್ಲ. ಎದ್ದು ಸಾರಿಗೆ ಬೇಳೆ ಇಟ್ಟಳು. ರೈಲಿನ ಹೊತ್ತಿಗೆ ತಾನೇ ಬುತ್ತಿ ಕಟ್ಟಿಕೊಟ್ಟಳು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಧ್ಯಾಹ್ನವಾಗಿತ್ತು, ಬಂದವರೆಲ್ಲ ಮಣ್ಣು ಮುಗಿಸಿ ಹೋಗಿದ್ದರು. ಈಶ್ವರಪ್ಪ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಸೊರಗಿಹೋಗಿದ್ದ. ಸೀರೆಯ ಅಂಚು ಕಂಡು ತಲೆ ಎತ್ತಿದವನಿಗೆ ಏಳುವುದೂ ಮರೆತುಹೋಯಿತು.

"ಸುವರ್ಣಾ... ನಿನಗೆ ಯಾರು ಹೇಳಿ ಕಳಿಸಿದ್ರು?"

"ಯಾರೂ ಇಲ್ಲ. ಸುದ್ದಿ ಕೇಳ್ದೆ, ಬಂದೆ."

ಅವಳು ಒಳಗೆ ಹೋಗಿ, ಮೂಲೆಯಲ್ಲಿ ಮುದುಡಿದ್ದ ಅವನ ತಾಯಿ ನಂಜಮ್ಮನ ಕೈ ಹಿಡಿದು, ಎರಡು ತುತ್ತು ಉಣ್ಣಿಸಿ ಬಂದಳು. ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಮಂಡಿ ಸಾಹುಕಾರ್ರು ಬಂದಿದ್ರಾ?" ಎಂದು ಕೇಳಿದಳು. ಚೌಡಪ್ಪ ಮೂವತ್ತು ವರ್ಷ ಒಂದು ಅಡಿಕೆ ಮಂಡಿಯಲ್ಲಿ ದುಡಿದವನು ಎಂದು ಅವಳಿಗೆ ಗೊತ್ತಿತ್ತು.

"ಇಲ್ಲ. ಪುರುಸೊತ್ತಿಲ್ಲ ಅಂತ ಆಳಿನ ಕೈಲಿ ಹೇಳಿ ಕಳಿಸಿದ್ರು. ಅಪ್ಪ ಕೊನೇವರೆಗೂ ಬಾಗಿಲ ಕಡೆ ನೋಡ್ತಾನೇ ಇದ್ದ." ಅವನು ಮುಖ ಒರೆಸಿಕೊಂಡ. "ಲಿಂಡ್ ಸಾಹೇಬ್ರು ಬಂದಿದ್ರು. ಯಾರೂ ಕರೀದೇನೆ ಬಂದು, ಟೋಪಿ ತೆಗೆದು, ಅಲ್ಲಿ ನಿಂತಿದ್ರು. ನಿಮ್ಮಪ್ಪನಿಗೆ ಸಿಗ್ಬೇಕಾಗಿದ್ದು ನಮ್ಮಪ್ಪನಿಗೆ ಸಿಕ್ತು. ನನಗೆ ತಲೆ ಎತ್ತೋಕೆ ಆಗ್ಲಿಲ್ಲ."

ಸುವರ್ಣ ಬುತ್ತಿಯಲ್ಲಿ ಉಳಿದ ಅನ್ನವನ್ನು ಅವನ ಮುಂದೆ ಸರಿಸಿದಳು.

"ಒಂದು ಮಾತು ಹೇಳ್ಬೇಕು," ಎಂದ ಅವನು. "ನಿಮ್ಮಪ್ಪನ ಸಂತೋಷಕ್ಕೆ ಸುಳ್ಳು ಹೇಳ್ದೆ ಅಂತ ಅಂದ್ಕೊಂಡಿದ್ದೆ. ಅದು ಪೂರ್ತಿ ನಿಜ ಅಲ್ಲ. ಸಾಹೇಬ್ರು ಬರಲ್ಲ ಅಂದ್ರೆ ನಿಮ್ಮ ಮನೆ ಬಾಗಿಲು ನನಗೆ ಮುಚ್ಚಿಹೋಗುತ್ತೆ ಅಂತ ಹೆದರಿದ್ದೆ. ನಿನ್ನ ಮೇಲಿನ ಆಸೆಗೆ ಹೇಳ್ದೆ, ಸುವರ್ಣಾ. ಈಗ್ಲೂ ಅದು ಹೋಗಿಲ್ಲ."

ಅವಳ ಕಣ್ಣೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಕ್ಷಮಿಸಿದ್ದೀನಿ ಅಂತ ಹೇಳೋಕೆ ನನ್ನಿಂದ ಆಗಲ್ಲ. ಅಪ್ಪ ವಾಪಸ್ ಬರಲ್ಲ. ಆ ನೋವು ಹೋಗಲ್ಲ," ಎಂದಳು. "ಆದ್ರೆ ಶನಿವಾರ ಬಂದ್ರೆ ನನ್ನ ಕಿವಿ ಬೀದಿ ಕಡೆಗೇ ಇರುತ್ತೆ. ಅದೂ ಹೋಗಲ್ಲ. ಏನ್ ಮಾಡ್ಲಿ, ಹೇಳಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ತಡೆಯಲಿಲ್ಲ, ಅಳಲು ಬಿಟ್ಟಳು. ಸಂಜೆಯ ರೈಲಿಗೆ ಹೊತ್ತಾದಾಗ ಬುತ್ತಿಯ ಬಟ್ಟೆ ಮಡಿಸಿಕೊಂಡು ಎದ್ದಳು.

"ಮತ್ತೆ ಬರ್ತೀಯಾ?" ಎಂದ ಅವನು.

"ಸಾವಿಗೆ ಕರೀದೆ ಬಂದೆ. ಇನ್ನೊಂದಕ್ಕೆ ಕರೀಬೇಕು. ಅದಕ್ಕೆ ನಮ್ಮನ್ನ ಕಾಯಿಸ್ಬೇಡಿ."

ಅವನಿಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ. "ಸೂತಕ ಕಳೆದ ಮೊದಲನೇ ಶನಿವಾರ ನಾನೇ ಬರ್ತೀನಿ. ನಿಮ್ಮವ್ವನ್ನ ಕೇಳ್ತೀನಿ. ಇದು ಸುಳ್ಳಲ್ಲ."

ಸುವರ್ಣ ಎರಡು ಹೆಜ್ಜೆ ಹೋಗಿ ತಿರುಗಿದಳು.

"ಕುರ್ಚಿ ಶಾಲೆಗೆ ವಾಪಸ್ ಕೊಟ್ಟಿದ್ದೀವಿ. ಜಗಲಿ ಮೇಲೇ ಕೂರ್ಬೇಕಾಗುತ್ತೆ."

"ನಾನು ಯಾವತ್ತೂ ಕೂತಿದ್ದು ಅಲ್ಲೇ ಅಲ್ವಾ," ಎಂದ ಈಶ್ವರಪ್ಪ.